‘ಜೀವಕೋಶ’ : ಶಬ್ದಾರ್ಥ ಮತ್ತು ಪ್ರಯೋಗ ವಿಚಾರ

ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ‘ಜೀವಕೋಶ’ದಷ್ಟು ಮೇಲಿಂದ ಮೇಲೆ ಬರುವ ಪಾರಿಭಾಷಿಕ ಶಬ್ದಗಳು ಕೆಲವೇ. ವಿದ್ಯಾರ್ಥಿಗಳು ಅದನ್ನು ತಪ್ಪಿಲ್ಲದೆ ಬರೆಯುತ್ತಾರೆ, ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಾರೆ, ಅಂಕಗಳನ್ನೂ ಪಡೆಯುತ್ತಾರೆ. ಆದರೆ ‘ಶ್ವಾಸಕೋಶವು ಕೋಶಗಳಿಂದ ಆಗಿದೆ’ ಎಂಬ ವಾಕ್ಯವನ್ನು ಮುಂದಿಟ್ಟು, ಇದರಲ್ಲಿ ಎರಡು ಸಲ ಬಂದಿರುವ ಕೋಶ ಒಂದೆಯೋ ಬೇರೆಯೋ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾರದು. ವಿಜ್ಞಾನದ ಅಧ್ಯಾಪಕರು ಇದು ಕನ್ನಡ ಪಂಡಿತರಿಗೆ ಸೇರಿದ ಪ್ರಶ್ನೆಯೆಂದು ಬಿಡುವುದುಂಟು. ಪಂಡಿತರು ಇದು ವಿಜ್ಞಾನದ ವಿಷಯವೆಂದು ಬಿಡುವುದುಂಟು. ಹೀಗೆ ಇಬ್ಬರ ನಡುವೆ ಅನಾಥವಾಗಿ ನಿಂತ ಶಬ್ದದ ಕುಲಗೋತ್ರಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಮೂಲಶಬ್ದದ ಕಥೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ೧೬೬೫ರಲ್ಲಿ ‘ಮೈಕ್ರೋಗ್ರಾಫಿಯ’ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕದ ಮೂಲಕ ಕಂಡ ನಾನಾ ವಸ್ತುಗಳ ವರ್ಣನೆ ಅದರಲ್ಲಿದೆ. ಅದರ ಹದಿನೆಂಟನೆಯ ಪ್ರಕರಣದ ವಸ್ತು, ಸೀಸೆಯ ಬಾಯಿಗೆ ಬಿರಡೆಯಾಗಿ ಹಾಕುವ ಬೆಂಡು. ಹರಿತವಾದ ಚಾಕುವಿನಿಂದ ಬೆಂಡಿನ ಅತಿ ತೆಳುವಾದ ಪದರವೊಂದನ್ನು ಕೊಯ್ದು, ಅದು ಬಿಳಿದಾದುದರಿಂದ ಕಪ್ಪು ಫಲಕದ ಮೇಲಿಟ್ಟು ನೋಡಿದಾಗ, ಅದು ಗಟ್ಟಿ ವಸ್ತುವಾಗಿರದೆ ಸಣ್ಣ ಸಣ್ಣ ಕೋಣೆಗಳಾಗಿ ಒಡೆದಿರುವುದು ಅವನಿಗೆ ಕಂಡಿತು. ಈ ಕೋಣೆಗಳಿಗೆ ಅವನಿಟ್ಟ ಹೆಸರು ‘ಸೆಲ್’. ಅವನು ಕಂಡು ಸುಮ್ಮನಾಗಲಿಲ್ಲ, ಎಣಿಸಿದನು. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು ೬೦ ಕೋಣೆಗಳು, ಆದುದರಿಂದ ಅಂಗುಲಕ್ಕೆ ೧೦೮೦, ಚದರಂಗುಲಕ್ಕೆ ೧೧,೬೬,೪೦೦, ಘನಾಂಗುಲಕ್ಕೆ ೧೨೫ ಕೋಟಿ ೯೭ ಲಕ್ಷ ೧೨ ಸಾವಿರ. ಗುಣಾಕಾರವನ್ನು ಮಾಡಿ ನೋಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಏಳನೆಯ ತರಗತಿಯ ಮಕ್ಕಳಿಗೆ ವಿಜ್ಞಾನವನ್ನೂ ಗಣಿತವನ್ನೂ ಒಟ್ಟಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

‘ಸೆಲ್’ ಎಂಬುದು ಲ್ಯಾಟಿನ್ ಭಾಷೆಯ ‘ಸೆಲ್ಲ’ದಿಂದ ಬಂದುದು. ಸೆಲ್ಲ ಎಂದರೆ ಚಿಕ್ಕ ಕೋಣೆ. ಧಾನ್ಯ, ಎಣ್ಣೆ, ಮದ್ಯಗಳನ್ನು ಕೂಡಿಡುವ ಉಗ್ರಾಣ. ಆಳುಗಳು ಮಲಗುವ ಕಿರುಮನೆ. ರೋಮನ್ನರ ದೇವಾಲಯಗಳಲ್ಲಿ ವಿಗ್ರಹವಿರುವ ಗರ್ಭಗೃಹಕ್ಕೂ ಇದೇ ಹೆಸರು. ಬಚ್ಚಿಡು, ಮರೆಮಾಡು ಎಂಬರ್ಥದ ಧಾತುವಿಗೆ ಇದು ಸೇರಿದುದೆಂದು ಭಾಷಾಶಾಸ್ತ್ರಜ್ಞರ ಮತ. ನಮ್ಮ ‘ಶಾಲಾ’ ಶಬ್ದವನ್ನೂ ಅದೇ ಧಾತುವಿನ ಬಳಗಕ್ಕೆ ಸೇರಿಸುವವರಿದ್ದಾರೆ. ಹಾಗಾದರೆ ‘ಶಾಲೆ’ ಮತ್ತು ‘ಸೆಲ್’ ದೂರದ ದಾಯಾದಿಗಳಾಗುತ್ತವೆ. ಇಂಗ್ಲಿಷಿನಲ್ಲಿ ಈ ಶಬ್ದ ಮೊದಲು ಕಾಣಿಸಿಕೊಂಡದ್ದು ಕ್ರೈಸ್ತ ಮಠಗಳ ಸಂದರ್ಭದಲ್ಲಿ. ದೊಡ್ಡ ಮಠವೊಂದಕ್ಕೆ ಅಧೀನವಾಗಿ ಬೇರೆಡೆಯಲ್ಲಿದ್ದ ಚಿಕ್ಕ ಮಠಕ್ಕೆ, ಅಂದರೆ ನಾವು ಶಾಖಾಮಠವೆನ್ನುವುದಕ್ಕೆ, ಅಲ್ಲಿ ‘ಸೆಲ್’ ಎನ್ನುತ್ತಿದ್ದರು. ಆಮೇಲೆ ಸಂನ್ಯಾಸಿಯೊಬ್ಬನ ಏಕಾಂತದ ಕೋಣೆಗೂ, ಸೆರೆಮನೆಯ ಕೋಣೆಗೂ ಆ ಹೆಸರು ಹಬ್ಬಿತು.

ಇದನ್ನು ಹಿಡಿದುಕೊಂಡು, ಹುಕ್ ತಾನು ಕಂಡ ಕೋಣೆಗಳನ್ನು ಸಂನ್ಯಾಸಿಗಳ ಕೋಣೆಗಳಿಗೆ ಹೋಲಿಸಿ ಹೆಸರಿಟ್ಟನೆಂದು ಅನೇಕ ಪಠ್ಯಗಳು ಬರೆಯುತ್ತವೆ. ಕೇಳಲು ಸೊಗಸಾದ ಕಥೆಯೇ ಹೌದು. ಮಠದ ಶಾಲೆಯೊಂದರಲ್ಲಿ ಇನ್ನೂ ಸೊಗಸಾಗಿ ಕೇಳಿಸುತ್ತದೆ. ಆದರೆ ಅವನ ಗ್ರಂಥದಲ್ಲಿ ಆ ಹೋಲಿಕೆ ಇಲ್ಲ. ಅಲ್ಲಿರುವುದು ಜೇನುಹುಟ್ಟಿನ ಹೋಲಿಕೆ. ಜೇನುಹುಟ್ಟಿನ ಒಂದೊಂದು ಗೂಡನ್ನೂ ಲ್ಯಾಟಿನ್ನಿನಲ್ಲಿ ಸೆಲ್ಲ ಎಂದೇ ಕರೆಯುವ ರೂಢಿ ಇತ್ತು. ಬೆಂಡಿನಲ್ಲಿ ಕಂಡದ್ದು ಸತ್ತ ತೊಗಟೆಯ ಗೋಡೆಗಳು ಮಾತ್ರ, ಒಳಗೆ ಬರಿಯ ಗಾಳಿ. ಹಸಿ ಗಿಡಗಳಲ್ಲಿ ಇಂಥ ಕೋಣೆಗಳು ರಸದಿಂದ ತುಂಬಿರುವುದನ್ನು ಹುಕ್ ಕಂಡಿದ್ದನಾದರೂ ಆ ರಸವೇ ಮುಖ್ಯವೆಂಬುದು ಅವನಿಗೆ ಹೊಳೆಯಲಿಲ್ಲ. ಹೀಗೆ ಮನೆಯೊಡೆಯನನ್ನು ಬಿಟ್ಟು ಮನೆಗೆ ಹೆಸರಿಟ್ಟದ್ದಾಯಿತು. ಮುಂದಿನ ಇನ್ನೂರು ವರ್ಷಗಳ ಇತಿಹಾಸವೆಲ್ಲ ಆ ಹೆಸರು ಮನೆಯಿಂದ ಒಡೆಯನಿಗೆ ವರ್ಗವಾದ ಇತಿಹಾಸ.

೧೮೩೧ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು ಆರ್ಕಿಡ್ ಜಾತಿಯ ಗಿಡಗಳ ಕೋಶಗಳಲ್ಲಿ ದುಂಡನೆಯ ಗುರುತೊಂದನ್ನು ಕಂಡು ‘ನ್ಯೂಕ್ಲಿಯಸ್’ ಎಂದು ಕರೆದನು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಕಾಯಿಯೊಳಗಿನ ತಿರುಳು. ೧೮೩೮ರಲ್ಲಿ ಷ್ಲೈಡನ್ ಸಸ್ಯಗಳೆಲ್ಲ ಕೋಶಗಳಿಂದಾದುವೆಂದೂ, ೧೮೩೯ರಲ್ಲಿ ಶ್ವಾನ್ ಪ್ರಾಣಿಗಳೂ ಹಾಗೆಯೇ ಎಂದೂ ಪ್ರತಿಪಾದಿಸಿದರು. ಹೊಸ ಕೋಶಗಳು ಆಕಾರವಿಲ್ಲದ ದ್ರವದಿಂದ, ಪಾಕದಲ್ಲಿ ಕಲ್ಲುಸಕ್ಕರೆ ಹರಳುಗಟ್ಟುವಂತೆ, ತಾವಾಗಿಯೇ ಮೂಡುತ್ತವೆಂದು ಶ್ವಾನ್ ನಂಬಿದ್ದನು. ರೆಮಾಕ್ ಎಂಬಾತನು ಕೋಶಗಳು ಒಡೆದು ಎರಡಾಗುವುದನ್ನೇ ಕಂಡು ಇದನ್ನು ಅಲ್ಲಗಳೆದನು. ೧೮೫೫ರಲ್ಲಿ ಫಿರ್ಕೋ ಎಂಬ ವೈದ್ಯನು ಕೋಶದಿಂದಲೇ ಕೋಶ, ಬೇರೆ ಹುಟ್ಟಿಲ್ಲ ಎಂಬುದನ್ನು ಸಿದ್ಧಾಂತವಾಗಿ ಸಾರಿದನು. ೧೮೫೮ರಲ್ಲಿ ರೋಗವೆಂಬುದೂ ಕೋಶಗಳಲ್ಲಿಯೇ ನೆಲೆಸಿದೆಯೆಂದು ಗ್ರಂಥವನ್ನೇ ಬರೆದನು. ಹೊಸ ಜೀವವೆಲ್ಲ ಹಳೆಯ ಜೀವದಿಂದಲೇ, ನಡುವೆ ಎಲ್ಲಿಯೂ ತುಂಡಾಗದ ಎಳೆಯಾಗಿ ಬಂದಿದೆ ಎಂಬ ಈ ಅರಿವು ಹತ್ತೊಂಬತ್ತನೆಯ ಶತಮಾನದ ಮಹತ್ತಾದ ಅರಿವುಗಳಲ್ಲೊಂದು.

ಶಬ್ದಾರ್ಥದ ದೃಷ್ಟಿಯಿಂದ ಇವರೆಲ್ಲರಿಗಿಂತ ಮುಖ್ಯನಾದವನು ಮಾಕ್ಸ್ ಷುಲ್ಟ್ಸೆ. ಪ್ರಾಣಿಗಳ ಕೋಶಗಳಿಗೆ ಸಸ್ಯಗಳಲ್ಲಿರುವಂಥ ಗೋಡೆ ಇಲ್ಲವಾದುದರಿಂದ ಗೋಡೆ ಕೋಶದ ಲಕ್ಷಣವೇ ಅಲ್ಲವೆಂದು ಅವನು ೧೮೬೧ರಲ್ಲಿ ವಾದಿಸಿದನು. ಕೋಶವೆಂದರೆ ನ್ಯೂಕ್ಲಿಯಸ್ಸನ್ನು ಒಳಗೊಂಡ ಜೀವದ್ರವ್ಯದ ಮುದ್ದೆ, ಅಷ್ಟೇ. ಅಂದಮೇಲೆ ‘ಕೋಣೆ’ ಎಂಬ ಹೆಸರಿಗೆ ಅರ್ಥವೇನು ಉಳಿಯಿತು? ಗೋಡೆಯಿಲ್ಲದ ಕೋಣೆ! ಆದರೂ ರೂಢಿ ಯೋಗವನ್ನು ಗೆದ್ದಿತು, ಹೆಸರು ನಿಂತಿತು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ತಿರುವು ಬಂತು. ಗೋಡೆ ಇರಲಿ ಇಲ್ಲದಿರಲಿ, ಪ್ರತಿಯೊಂದು ಕೋಶವನ್ನೂ ಜಿಡ್ಡಿನ ಎರಡು ಸಾಲು ಅಣುಗಳಿಂದಾದ ಪೊರೆಯೊಂದು ಅಪ್ಪಿಕೊಂಡಿದೆಯೆಂದು ೧೯೨೫ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ಸಂಶೋಧಕರು ತೋರಿಸಿದರು. ೧೯೭೨ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಆ ಪೊರೆಯ ರಚನೆಯನ್ನು ಇನ್ನೂ ಸ್ಪಷ್ಟಪಡಿಸಿದರು. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲಿನಷ್ಟೂ ದಪ್ಪವಿಲ್ಲದ ಈ ಪೊರೆಯೇ ಒಳಗಿನದು ಯಾವುದು, ಹೊರಗಿನದು ಯಾವುದು ಎಂಬುದನ್ನು ಗೊತ್ತುಮಾಡುತ್ತದೆ. ಬೇಕಾದುದನ್ನು ಒಳಕ್ಕೆ ಬಿಟ್ಟು ಬೇಡವಾದುದನ್ನು ತಡೆಯುತ್ತದೆ.

ಇಲ್ಲಿಯೇ ನಮ್ಮ ‘ಕೋಶ’ ಶಬ್ದವನ್ನು ಎದುರುಗೊಳ್ಳಬೇಕು.

ಕೋಶವು ಬಹು ಪ್ರಾಚೀನವಾದ ಶಬ್ದ. ಋಗ್ವೇದದಲ್ಲಿ ಅದಕ್ಕೆ ನೀರು ಸೇದುವ ಪಾತ್ರೆ, ಕೊಡ ಎಂಬ ಅರ್ಥ. ಮಳೆಯನ್ನು ಹೊತ್ತ ಮೇಘವನ್ನೂ ಆ ಹೆಸರಿನಿಂದ ಕರೆದುದುಂಟು. ಅಮರಸಿಂಹನ ನಿಘಂಟು ನಾನಾರ್ಥವರ್ಗದಲ್ಲಿ ನಾಲ್ಕು ಅರ್ಥಗಳನ್ನು ಹೇಳುತ್ತದೆ: ಹೂವಿನ ಮೊಗ್ಗು, ಕತ್ತಿಯ ಒರೆ, ಧನರಾಶಿ, ಮತ್ತು ಸತ್ಯಪರೀಕ್ಷೆಗಾಗಿ ಮಾಡಿಸುತ್ತಿದ್ದ ಒಂದು ಬಗೆಯ ದಿವ್ಯ. ಅಮರಸಿಂಹನು ತನ್ನ ಗ್ರಂಥಕ್ಕಿಟ್ಟ ಹೆಸರು ‘ನಾಮಲಿಂಗಾನುಶಾಸನ’. ಲೋಕ ಅದನ್ನು ಕರೆದದ್ದು ‘ಅಮರಕೋಶ’ವೆಂದು. ಶಬ್ದಗಳ ಭಂಡಾರವಾದುದರಿಂದ ಅದೂ ಕೋಶವಾಯಿತು. ನಮ್ಮಲ್ಲಿಯೂ ನಾಗವರ್ಮನ ‘ಅಭಿಧಾನವಸ್ತುಕೋಶ’ವಿದೆ, ಮೈಸೂರು ವಿಶ್ವವಿದ್ಯಾನಿಲಯ ೧೯೬೯ರಿಂದ ಹೊರತಂದ ‘ಕನ್ನಡ ವಿಶ್ವಕೋಶ’ವಿದೆ. ರೇಷ್ಮೆಹುಳು ತನ್ನ ಸುತ್ತ ನೂತುಕೊಳ್ಳುವ ಗೂಡೂ ಕೋಶವೇ. ಅದರಿಂದ ಬಂದುದಾದ ಕಾರಣ ರೇಷ್ಮೆ ಬಟ್ಟೆಗೆ ‘ಕೌಶೇಯ’ವೆಂದು ಹೆಸರು. ವೇದಾಂತಿಗಳ ಪಂಚಕೋಶಗಳು ಎಲ್ಲರಿಗೂ ವಿದಿತ: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಇವುಗಳ ಮೂಲ ತೈತ್ತಿರೀಯೋಪನಿಷತ್ತಿನ ಬ್ರಹ್ಮಾನಂದವಲ್ಲಿ. ಆದರೆ ಆ ವಲ್ಲಿಯಲ್ಲಿ ಈ ಐದನ್ನು ಹೇಳುವಾಗ ಕೋಶವೆಂಬ ಶಬ್ದವನ್ನು ಬಳಸಿಲ್ಲವೆಂಬುದನ್ನು ಗಮನಿಸಿದವರು ಕಡಮೆ. ಒಂದರೊಳಗೊಂದು ಒರೆಯಂತೆ ಇರುವುದರಿಂದ ಆ ಹೆಸರನ್ನು ಕೊಟ್ಟವರು ಅನಂತರದ ವೇದಾಂತಾಚಾರ್ಯರು.

ಕೊಡ, ಮೇಘ, ಮೊಗ್ಗು, ಒರೆ, ಬೊಕ್ಕಸ, ರೇಷ್ಮೆಗೂಡು ಇವೆಲ್ಲವುಗಳಲ್ಲಿ ಸಮಾನವಾದುದೇನು? ಬೆಲೆಯುಳ್ಳದ್ದೊಂದು ಒಳಗಿದೆ, ಅದನ್ನು ಸುತ್ತಲೂ ಅಪ್ಪಿ ಹಿಡಿದುದೊಂದು ಹೊರಗಿದೆ. ವೈಯಾಕರಣರು ಈ ಶಬ್ದವನ್ನು ಅಪ್ಪಿಕೊಳ್ಳುವುದೆಂಬ ಅರ್ಥದ ‘ಕುಶ’ ಧಾತುವಿನಿಂದ ಸಾಧಿಸುವುದುಂಟು. ಖಾಲಿ ಕೋಶವೆಂಬುದು ಇರಬಹುದು, ಬರಿದಾದ ಬೊಕ್ಕಸದಂತೆ. ಆದರೆ ಅದು ಕೋಶದ ದುರವಸ್ಥೆಯೇ ಹೊರತು ಲಕ್ಷಣವಲ್ಲ. ‘ಕೋಣೆ’ಗೆ ಈ ಗುಣವಿಲ್ಲ. ಕೋಣೆ ಖಾಲಿಯಿದ್ದರೂ ಕೋಣೆಯೇ. ಲ್ಯಾಟಿನ್ನಿನ ಸೆಲ್ಲಕ್ಕೆ ಇಲ್ಲದ ಒಂದು ಹೆಚ್ಚಿನ ಅರ್ಥ ನಮ್ಮ ಕೋಶಕ್ಕೆ ಹೀಗೆ ತಾನಾಗಿ ಒದಗಿದೆ. ಷುಲ್ಟ್ಸೆ ಹೇಳಿದ ಒಳಗಿನ ಜೀವದ್ರವ್ಯವೂ, ಇಪ್ಪತ್ತನೆಯ ಶತಮಾನದವರು ತೋರಿಸಿದ ಹೊರಗಿನ ಪೊರೆಯೂ ಒಂದೇ ಶಬ್ದದಲ್ಲಿ ಸೇರುತ್ತವೆ.

ಸೆಲ್ಲಕ್ಕೆ ಪದಶಃ ಸಮಾನವಾದ ಸಂಸ್ಕೃತ ಶಬ್ದ ಬೇಕಾಗಿದ್ದರೆ ಅದು ‘ಕೋಷ್ಠ’ವಾಗಬೇಕಿತ್ತು. ಕೋಷ್ಠವೆಂದರೆ ಒಳಮನೆ, ಉಗ್ರಾಣ, ಕಣಜ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸನ್ನಿಧಾತನೆಂಬ ಅಧಿಕಾರಿ ಕಟ್ಟಿಸಬೇಕಾದ ಮನೆಗಳನ್ನು ಹೇಳುವಾಗ ಕೋಶಗೃಹವೇ ಬೇರೆ, ಕೋಷ್ಠಾಗಾರವೇ ಬೇರೆ: ಒಂದರಲ್ಲಿ ರತ್ನ, ಹೊನ್ನು, ಇನ್ನೊಂದರಲ್ಲಿ ಧಾನ್ಯ. ‘ಕೊಠಡಿ’ ಎಂದು ನಾವು ದಿನವೂ ಆಡುವ ಮಾತು ಈ ಕೋಷ್ಠದ ಸಂತತಿಯದೇ. ಪಾರಿಭಾಷಿಕ ಶಬ್ದಗಳನ್ನು ಕಟ್ಟಿದವರು ಕೋಷ್ಠವನ್ನು ಆರಿಸದಿದ್ದುದು ಒಳ್ಳೆಯದೇ ಆಯಿತು. ಆಯುರ್ವೇದದಲ್ಲಿ ಅದು ಹೊಟ್ಟೆಯ ಭಾಗಕ್ಕೆ ಮೀಸಲಾಗಿದೆ. ಗಣಿತದಲ್ಲಿ ‘ಕೋಷ್ಠಕ’ ಬೇರೊಂದು ಕೆಲಸದಲ್ಲಿದೆ. ಈಚೆಗೆ ರಾಜಕೀಯ ಪಕ್ಷಗಳವರು ತಮ್ಮ ‘ಸೆಲ್’ಗಳಿಗೆ ‘ಪ್ರಕೋಷ್ಠ’ವೆಂದು ಹೆಸರಿಟ್ಟುಕೊಂಡಿದ್ದಾರೆ. ಅದು ಅವರಿಗೇ ಇರಲಿ.

ಇನ್ನು ‘ಜೀವಕೋಶ’ವೆಂಬ ಸಮಸ್ತಪದದ ವಿಗ್ರಹ. ‘ಜೀವದ ಕೋಶ’ವೆಂದು ಷಷ್ಠೀತತ್ಪುರುಷವಾಗಿ ಬಿಡಿಸಿದರೆ ಜೀವ ಬೇರೆ, ಅದನ್ನು ಹಿಡಿದಿಟ್ಟ ಒರೆ ಬೇರೆ ಎಂದಾಗುತ್ತದೆ, ಕತ್ತಿಯನ್ನು ಒರೆಯಿಂದ ಹಿರಿದಂತೆ ಜೀವವನ್ನು ಹೊರತೆಗೆಯಬಹುದೆಂಬ ಭ್ರಮೆ ಹುಟ್ಟುತ್ತದೆ. ಶಾಸ್ತ್ರ ಹೇಳುವುದು ಹಾಗಲ್ಲ. ಪೊರೆ, ಅದರೊಳಗಿನ ದ್ರವ್ಯ, ನ್ಯೂಕ್ಲಿಯಸ್ ಇವು ಕೂಡಿ ನಡೆಸುವ ವ್ಯಾಪಾರವೇ ಜೀವ. ಪೊರೆಯನ್ನು ಹರಿದರೆ ಜೀವ ಹೊರಬರುವುದಿಲ್ಲ, ಇಲ್ಲವಾಗುತ್ತದೆ. ಆದುದರಿಂದ ‘ಜೀವವುಳ್ಳ ಕೋಶ’ವೆಂದು ಮಧ್ಯಮಪದಲೋಪಿಯಾಗಿಯೋ, ‘ಜೀವವೇ ಆದ ಕೋಶ’ವೆಂದು ಕರ್ಮಧಾರಯವಾಗಿಯೋ ಬಿಡಿಸುವುದು ವಿಹಿತ. ವ್ಯಾಕರಣದ ತರಗತಿಯಲ್ಲಿ ಅರಮನೆ, ಹೆದ್ದಾರಿಗಳ ಜತೆಗೆ ಈ ಪದವನ್ನೂ ಕೊಟ್ಟು ಬಿಡಿಸಲು ಹೇಳಿದರೆ ಎರಡು ಪಾಠಗಳೂ ಒಂದಕ್ಕೊಂದು ಊರೆಯಾಗುತ್ತವೆ.

ಇದರಿಂದಲೇ ಇನ್ನೊಂದು ತೊಡಕು ಹುಟ್ಟುತ್ತದೆ. ಚರ್ಮದ ಹೊರಪದರದಲ್ಲಿರುವವು ಸತ್ತ ಕೋಶಗಳು. ಮರದೊಳಗೆ ನೀರು ಸಾಗಿಸುವ ನಾಳಗಳು ಸತ್ತ ಕೋಶಗಳ ಗೋಡೆಗಳು. ಹುಕ್ ಕಂಡ ಬೆಂಡಂತೂ ಸರಿಯೇ ಸರಿ. ಇವನ್ನು ‘ಸತ್ತ ಜೀವಕೋಶಗಳು’ ಎಂದು ಬರೆಯುವ ರೂಢಿ ಬೆಳೆದಿದೆ. ‘ಸತ್ತ’ ಮತ್ತು ‘ಜೀವ’ ಒಂದೇ ಪದಪುಂಜದಲ್ಲಿ ಮುಖಾಮುಖಿಯಾಗಿ ನಿಂತಿರುವುದು ಕಿವಿಗೆ ಹಿತವಲ್ಲ. ಮೊದಲು ಪರಿಚಯಿಸುವಾಗ ‘ಜೀವಕೋಶ’ವೆಂದು ಪೂರ್ಣವಾಗಿ ಹೇಳಿ, ಅನಂತರ ‘ಕೋಶ’ವೆಂದಷ್ಟೇ ಬಳಸಿದರೆ ಈ ವಿರೋಧ ತಪ್ಪುತ್ತದೆ. ಕೋಶಭಿತ್ತಿ, ಕೋಶಪೊರೆ, ಕೋಶವಿಭಜನೆ, ನರಕೋಶ ಮುಂತಾದ ಸಮಾಸಗಳು ಈ ದಾರಿಯನ್ನು ಆಗಲೇ ಹಿಡಿದಿವೆ. ‘ಏಕಕೋಶಜೀವಿ’ಯೂ ಸರಿಯಾಗಿದೆ. ‘ಏಕಕೋಶೀಯ ಜೀವಿ’ ಎಂದು ತದ್ಧಿತ ಪ್ರತ್ಯಯವನ್ನು ಹಚ್ಚುವ ಅಗತ್ಯವೇನೂ ಇರಲಿಲ್ಲ. ಬಹುವ್ರೀಹಿಯೇ ಆ ಕೆಲಸವನ್ನು ಮಾಡುತ್ತಿತ್ತು. ಬಳಕೆಗೆ ಬಂದುದನ್ನು ಈಗ ಕಿತ್ತು ಹಾಕಲಾಗದು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಬರಬಹುದು. ಕನ್ನಡದಲ್ಲಿ ದೇಹದ ಒಳಗಿನ ಚೀಲದಂಥ ಅಂಗಗಳಿಗೆಲ್ಲ ಕೋಶವೆಂಬ ಹೆಸರು ಮೊದಲಿನಿಂದಲೂ ಇದೆ: ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ, ಪಿತ್ತಕೋಶ. ಇವು ತಪ್ಪು ಪ್ರಯೋಗಗಳಲ್ಲ. ಒಳಗೊಂದನ್ನು ಹಿಡಿದಿಡುವುದೆಂಬ ಅರ್ಥ ಇವುಗಳಲ್ಲಿಯೂ ಸಲ್ಲುತ್ತದೆ. ಆದರೆ ಒಂದೊಂದು ಶ್ವಾಸಕೋಶದಲ್ಲಿಯೂ ಕೋಟಿಗಟ್ಟಲೆ ಕೋಶಗಳಿವೆ. ಒಂದು ಕೈಯಿಂದ ಹಿಡಿಯುವಷ್ಟು ದೊಡ್ಡದಕ್ಕೂ, ಕಣ್ಣಿಗೇ ಕಾಣದಷ್ಟು ಚಿಕ್ಕದಕ್ಕೂ ಒಂದೇ ಹೆಸರಾದಾಗ ಬಾಲಕರ ಬುದ್ಧಿ ತಡವರಿಸುವುದು ಸಹಜ. ಶರೀರದಲ್ಲಿರುವ ಕೋಶಗಳ ಸಂಖ್ಯೆಯನ್ನು ೨೦೧೬ರಲ್ಲಿ ಪ್ರಕಟವಾದ ಗಣನೆಯೊಂದು ಸುಮಾರು ೩೦ ಲಕ್ಷ ಕೋಟಿ ಎಂದು ಅಂದಾಜು ಮಾಡಿದೆ, ೭೦ ಕಿಲೋಗ್ರಾಂ ತೂಕದ ಪುರುಷನೊಬ್ಬನಲ್ಲಿ. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ರಕ್ತದ ಕೆಂಪು ಕೋಶಗಳು. ಶ್ವಾಸಕೋಶವನ್ನೂ ಗರ್ಭಕೋಶವನ್ನೂ ಈ ಕೋಶಗಳ ಸಾಲಿನಲ್ಲಿ ಎಣಿಸಿದ ಉತ್ತರಪತ್ರಿಕೆ ನಗೆಪಾಟಲಿನ ವಸ್ತುವಲ್ಲ. ಆ ವಿದ್ಯಾರ್ಥಿ ಶಬ್ದವನ್ನು ನಂಬಿದ್ದಾನೆ; ಶಬ್ದ ಅವನಿಗೆ ಕೈಕೊಟ್ಟಿದೆ.

ತರಗತಿಯ ಹೊರಗೆ ಇದರ ಪರಿಣಾಮ ಇನ್ನೂ ಗಂಭೀರವಾದುದು. ಅರ್ಬುದ ರೋಗವೆಂಬುದು ದೇಹದ ಸ್ವಂತ ಕೋಶಗಳು ಅಂಕೆ ಮೀರಿ ವಿಭಜನೆಗೊಳ್ಳುವುದರಿಂದ ಬರುವ ರೋಗ. ‘ಶ್ವಾಸಕೋಶದ ಕೆಲವು ಕೋಶಗಳಲ್ಲಿ ದೋಷವಿದೆ’ ಎಂದು ವೈದ್ಯರು ಹೇಳಿದ ಮಾತು, ಶ್ವಾಸಕೋಶವೇ ಕೆಟ್ಟಿದೆ ಎಂದು ಮನೆಯವರಿಗೆ ಕೇಳಿಸಿದರೆ, ಅವರು ಆಶೆ ಬಿಡುವ ಕಾಲಕ್ಕೆ ಮೊದಲೇ ಆಶೆ ಬಿಟ್ಟಾರು. ‘ಗರ್ಭಕೋಶದ ಬಾಯಿಯ ಕೋಶಗಳನ್ನು ಪರೀಕ್ಷೆಗೆ ತೆಗೆಯಬೇಕು’ ಎಂದಾಗ ಗರ್ಭಕೋಶವನ್ನೇ ತೆಗೆಯುವರೆಂದು ಹಳ್ಳಿಯ ತಾಯಿಯೊಬ್ಬಳು ಹೆದರಿ ಹಿಂದಿರುಗಿದರೆ, ಆ ಪರೀಕ್ಷೆಯಿಂದ ವೇಳೆಗೆ ಸರಿಯಾಗಿ ತಿಳಿಯಬಹುದಾಗಿದ್ದ ರೋಗ ತಿಳಿಯದೆ ಹೋಗುತ್ತದೆ. ಪಾರಿಭಾಷಿಕ ಶಬ್ದದ ವಿಚಾರ ಪಂಡಿತರ ಕಾಲಕ್ಷೇಪವೆಂದು ಭಾವಿಸುವವರು ಈ ಸಂಭವವನ್ನು ಸ್ವಲ್ಪ ಆಲೋಚಿಸಬೇಕು.

ಪರಿಹಾರ ಹಳೆಯ ಶಾಸ್ತ್ರದಲ್ಲಿಯೇ ಇದೆ. ಒಳಗೊಂದನ್ನು ತುಂಬಿಟ್ಟುಕೊಳ್ಳುವ ಅಂಗಕ್ಕೆ ಆಯುರ್ವೇದ ‘ಆಶಯ’ವೆಂಬ ಶಬ್ದವನ್ನು ಬಳಸಿದೆ. ಗರ್ಭಾಶಯ, ಮೂತ್ರಾಶಯ, ಪಿತ್ತಾಶಯ, ಅಂಡಾಶಯ ಇವೆಲ್ಲ ಕನ್ನಡಕ್ಕೆ ಹೊಸವಲ್ಲ. ಜಲಾಶಯವನ್ನು ಅರಿಯದ ರೈತನಿಲ್ಲ. ಪಠ್ಯಗಳಲ್ಲಿ ಅಂಗಕ್ಕೆ ಆಶಯವನ್ನೂ, ಸೂಕ್ಷ್ಮ ಘಟಕಕ್ಕೆ ಕೋಶವನ್ನೂ ನಿಯತವಾಗಿ ಬಳಸಿದರೆ ಮುಕ್ಕಾಲು ಗೊಂದಲ ಹರಿಯುತ್ತದೆ. ಉಳಿಯುವುದು ಶ್ವಾಸಕೋಶ. ಅದಕ್ಕೆ ‘ಫುಪ್ಪುಸ’ವೆಂಬ ಹಳೆಯ ಹೆಸರು ಇದೆಯಾದರೂ ಶ್ವಾಸಕೋಶ ಜನರ ಬಾಯಲ್ಲಿ ಬೇರೂರಿದೆ, ಅದನ್ನು ಹಾಗೆಯೇ ಬಿಟ್ಟು, ಅದರ ಸಂದರ್ಭದಲ್ಲಿ ಮಾತ್ರ ‘ಜೀವಕೋಶ’ವೆಂಬ ಪೂರ್ಣರೂಪವನ್ನು ಬಳಸುವುದು ಲೇಸು.

‘ಜೀವಕೋಶ’ಕ್ಕೆ ಪ್ರತಿಸ್ಪರ್ಧಿಯಾಗಿ ಬಹುಕಾಲ ನಿಂತದ್ದು ‘ಜೀವಕಣ’. ಈಗಲೂ ಕೆಲವರ ಬರೆಹದಲ್ಲಿ ಕಾಣುತ್ತದೆ. ಕಣವೆಂದರೆ ಸಂಸ್ಕೃತದಲ್ಲಿ ಧಾನ್ಯದ ಕಾಳು, ನುಚ್ಚು, ಅತಿ ಚಿಕ್ಕ ಪಾಲು; ವೈಶೇಷಿಕ ದರ್ಶನದ ಪ್ರವರ್ತಕನ ಹೆಸರೇ ಕಣಾದ. (ಒಕ್ಕಲಿಗರು ತೆನೆ ಬಡಿಯುವ ಕಣ ಬೇರೆ, ಅದು ಅಚ್ಚಗನ್ನಡ ಶಬ್ದ, ಎರಡನ್ನೂ ಬೆರೆಸಬಾರದು.) ಚಿಕ್ಕತನವನ್ನು ಕಣ ಚೆನ್ನಾಗಿ ಹೇಳುತ್ತದೆ. ಆದರೆ ಕಣಕ್ಕೆ ಒಳಹೊರಗೆಂಬುದಿಲ್ಲ, ಅದು ಗಟ್ಟಿ. ಪೊರೆ, ದ್ರವ್ಯ, ತಿರುಳು ಎಂಬ ವ್ಯವಸ್ಥೆಯನ್ನು ಅದು ಸೂಚಿಸಲಾರದು. ರಕ್ತದ ವಿಷಯದಲ್ಲಿ ಮಾತ್ರ ‘ಕೆಂಪು ರಕ್ತಕಣ’, ‘ಬಿಳಿ ರಕ್ತಕಣ’ ಎಂದು ಅದು ಭದ್ರವಾಗಿ ನಿಂತಿದೆ. ಅಲ್ಲಿ ಅದಕ್ಕೊಂದು ಸಮರ್ಥನೆಯೂ ಉಂಟು: ಸಸ್ತನಿಗಳ ಪಕ್ವವಾದ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಕಿರುತಟ್ಟೆಗಳಂತೂ ದೊಡ್ಡ ಕೋಶವೊಂದರಿಂದ ಒಡೆದು ಬಂದ ಚೂರುಗಳು. ಇವನ್ನು ಕಣವೆಂದರೆ ಬಾಧಕವಿಲ್ಲ. ಬಿಳಿಯ ಕಣ ಮಾತ್ರ ಎಲ್ಲ ಲಕ್ಷಣಗಳೂ ಕೂಡಿದ ಕೋಶ. ಅದನ್ನು ಕಣವೆಂದು ಕರೆದದ್ದು ಜತೆಗಾರರ ಸಹವಾಸದಿಂದ.

ಮೂರನೆಯದು ‘ಅಣು’. ಅಂಡಾಣು, ವೀರ್ಯಾಣು ಎಂಬಲ್ಲಿ ಅಣುವಿಗೆ ಕೋಶವೆಂದೇ ಅರ್ಥ. ಆದರೆ ಮುಂದಿನ ಪುಟದ ರಸಾಯನಶಾಸ್ತ್ರದ ಪಾಠದಲ್ಲಿ ನೀರಿನ ಅಣು, ಸಕ್ಕರೆಯ ಅಣು ಎಂದು ಬರುತ್ತದೆ. ಮನುಷ್ಯರ ಅಂಡಾಣು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿದೆ. ಹರಿತವಾದ ಬರಿಗಣ್ಣಿಗೆ ಚುಕ್ಕೆಯಂತೆ ಕಂಡರೂ ಕಾಣಬಹುದು. ನೀರಿನ ಅಣುವಾದರೋ ಯಾವ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಗೋಚರಿಸದು. ಹೀಗಿರಲು ‘ಅಂಡಕಣ’ವೆಂದೋ ‘ಅಂಡಜೀವಕೋಶ’ವೆಂದೋ ತಿದ್ದಲು ಹೊರಡುವುದಕ್ಕಿಂತ, ಇಲ್ಲಿ ಅಣುವೆಂದರೆ ಸೂಕ್ಷ್ಮವಾದುದು ಎಂಬ ಗುಣವಾಚಕಾರ್ಥ ಮಾತ್ರವೆಂದು ಅಧ್ಯಾಪಕರು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುವುದು ಸಾಕು.

ನೆರೆಯ ಭಾಷೆಗಳ ದಾರಿಗಳು ವಿನೋದಕರವಾಗಿವೆ. ತೆಲುಗು ಕಣವನ್ನು ಹಿಡಿಯಿತು. ತಮಿಳು ‘ಉಯಿರಣು’ ಎಂದು ಅಣುವನ್ನು ಹಿಡಿಯಿತು. ಹಿಂದಿ ಕೋಶಕ್ಕೆ ಅಲ್ಪಾರ್ಥದ ಪ್ರತ್ಯಯವನ್ನು ಸೇರಿಸಿ ‘ಕೋಶಿಕಾ’ ಮಾಡಿತು. ಕೋಶಿಕೆ ಎಂದರೆ ಪುಟ್ಟ ಕೋಶ. ಶ್ವಾಸಕೋಶದ ಗೊಂದಲಕ್ಕೆ ಅದೂ ಒಂದು ಮದ್ದೇ. ಮರಾಠಿಯಲ್ಲಿ ಜೀವಕೋಶಕ್ಕೆ ‘ಪೇಶಿ’ ಎನ್ನುತ್ತಾರೆ. ಆದರೆ ಆಯುರ್ವೇದದಲ್ಲಿಯೂ ಹಿಂದಿಯಲ್ಲಿಯೂ ಪೇಶಿಯೆಂದರೆ ಮಾಂಸಖಂಡ. ನಾವೋ ಮಾಂಸಖಂಡಕ್ಕೆ ‘ಸ್ನಾಯು’ವೆನ್ನುತ್ತೇವೆ, ಆಯುರ್ವೇದದ ಸ್ನಾಯು ಕಟ್ಟಿ ಹಿಡಿಯುವ ನಾರು. ಗಡಿನಾಡಿನ ಶಾಲೆಗಳಲ್ಲಿ ಎರಡು ಭಾಷೆಗಳ ಪುಸ್ತಕಗಳನ್ನು ಒಟ್ಟಿಗೆ ಓದುವ ಮಕ್ಕಳ ಪಾಡು ಊಹಿಸಬಹುದಾದುದು.

ಕೋಶದ ಭಾಗಗಳ ಹೆಸರುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ನೋಡಬಹುದು. ನ್ಯೂಕ್ಲಿಯಸ್ಸಿಗೆ ‘ಕೋಶಕೇಂದ್ರ’ವೆಂಬುದು ಬಳಕೆಯ ಮಾತು. ಕೇಂದ್ರವೆಂದೊಡನೆ ಮಕ್ಕಳು ಅದನ್ನು ವೃತ್ತದ ನಟ್ಟನಡುವೆ ಬರೆಯುತ್ತಾರೆ. ಬೆಳೆದ ಸಸ್ಯಕೋಶದಲ್ಲಿ ದೊಡ್ಡದೊಂದು ರಸದಾನಿ ನಡುವಿನ ಎಡೆಯನ್ನೆಲ್ಲ ಆಕ್ರಮಿಸಿ, ನ್ಯೂಕ್ಲಿಯಸ್ಸನ್ನು ಅಂಚಿಗೆ ಒತ್ತಿರುತ್ತದೆ. ಇಲ್ಲಿ ಕೇಂದ್ರವೆಂಬುದಕ್ಕೆ ಅಧಿಕಾರಸ್ಥಾನವೆಂಬರ್ಥವನ್ನು ಮಾಡಬೇಕೇ ಹೊರತು ಮಧ್ಯಬಿಂದುವೆಂದಲ್ಲ. ರಾಜಧಾನಿ ನಾಡಿನ ನಡುವಿನಲ್ಲಿಯೇ ಇರಬೇಕೆಂಬ ನಿಯಮವೇನಿದೆ? ಹಳೆಯ ಕೆಲವು ಬರೆಹಗಳ ‘ಕೋಶಬೀಜ’ ಈ ದೃಷ್ಟಿಯಿಂದ ಮೂಲಕ್ಕೆ ಹತ್ತಿರವಾಗಿತ್ತು. ಇನ್ನು ‘ರಸದಾನಿ’ ಮೂಲಕ್ಕಿಂತಲೂ ಮೇಲಾದ ಶಬ್ದ. ಅದರ ಯುರೋಪಿನ ಹೆ��ರಾದ ‘ವ್ಯಾಕ್ಯೂಯೋಲ್’ ಖಾಲಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ನೋಡಿದವರಿಗೆ ಅದು ಬರಿದಾಗಿ ಕಂಡಿತ್ತು. ಕನ್ನಡದ ಹೆಸರು ಅದರೊಳಗೆ ರಸವಿದೆಯೆಂಬ ದಿಟವನ್ನು ನುಡಿಯುತ್ತದೆ. ಹುಕ್ಕನ ಖಾಲಿ ಕೋಣೆಗೆ ಕೋಶವೆಂಬ ಹೆಸರು ಮಾಡಿದ ಉಪಕಾರವನ್ನೇ ರಸದಾನಿಯೂ ಮಾಡಿದೆ.

ಎಲ್ಲ ಕಡೆಯೂ ಇಂಥ ಭಾಗ್ಯ ಒದಗಿಲ್ಲ. ವೃತ್ತಪತ್ರಿಕೆಗಳಲ್ಲಿ ಈಗ ಮೇಲಿಂದ ಮೇಲೆ ಕಾಣುವ ‘ಕಾಂಡಕೋಶ’ ಇದಕ್ಕೆ ನಿದರ್ಶನ. ಇಂಗ್ಲಿಷಿನ ‘ಸ್ಟೆಮ್ ಸೆಲ್’ ಎಂಬುದರ ಒಂದೊಂದು ಪದಕ್ಕೂ ಒಂದೊಂದು ಪದವನ್ನಿಟ್ಟು ಮಾಡಿದ ಶಬ್ದವಿದು. ಗಿಡದ ಕಾಂಡಕ್ಕೂ ಇದಕ್ಕೂ ಸಂಬಂಧವಿಲ್ಲ. ಜರ್ಮನಿಯ ಹೇಕೆಲ್ ೧೮೬೮ರಲ್ಲಿ ಮೂಲಶಬ್ದವನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದುದು ವಂಶವೃಕ್ಷ. ಜೀವಜಾತಿಗಳೆಲ್ಲ ಕೊಂಬೆಗಳಾದರೆ ಅವುಗಳ ಮೊದಲಾದ ಏಕಕೋಶವೇ ಬೊಡ್ಡೆ. ಮುಂದೆ ಅದು ಒಂದೇ ದೇಹದೊಳಗೆ ಬೇರೆ ಬೇರೆ ಬಗೆಯ ಕೋಶಗಳಿಗೆ ಜನ್ಮ ಕೊಡಬಲ್ಲ ಮೂಲಕೋಶಕ್ಕೆ ಹೆಸರಾಯಿತು. ಎಲುಬಿನ ಮಜ್ಜೆಯಲ್ಲಿರುವ ಇಂಥ ಕೋಶಗಳಿಂದಲೇ ರಕ್ತದ ಕೆಂಪು, ಬಿಳಿ ಕಣಗಳೆಲ್ಲ ಹುಟ್ಟುತ್ತವೆ. ಮಜ್ಜೆಯ ಕಸಿಯಿಂದ ರಕ್ತದ ಅರ್ಬುದಕ್ಕೆ ಚಿಕಿತ್ಸೆ ನಡೆಯುವುದೂ ಅವುಗಳ ಬಲದಿಂದಲೇ. ‘ಕಾಂಡಕೋಶ ಚಿಕಿತ್ಸೆ’ಯೆಂಬುದನ್ನು ಓದಿದವನು ಇದು ಯಾವುದೋ ಗಿಡಮೂಲಿಕೆಯ ಔಷಧಿಯೆಂದು ತಿಳಿದರೆ ತಪ್ಪು ಓದಿದವನದಲ್ಲ. ಇದಕ್ಕೆ ‘ಆಕರಕೋಶ’ವೆಂಬ ಇನ್ನೊಂದು ಹೆಸರೂ ಬಳಕೆಯಲ್ಲಿದೆ. ಆಕರವೆಂದರೆ ಗಣಿ, ಹುಟ್ಟುವ ಎಡೆ. ಕೋಶಕ್ಕೆ ಭಂಡಾರವೆಂಬ ಅರ್ಥವಿರುವಾಗ ಭಂಡಾರಕ್ಕೆ ಹೊನ್ನು ಬರುವುದು ಆಕರದಿಂದಲೇ. ಅರ್ಥಶಾಸ್ತ್ರವೂ ಕೋಶದ ಹುಟ್ಟು ಆಕರದಲ್ಲಿದೆಯೆಂದೇ ಎಣಿಸುತ್ತದೆ. ಬರೆಯುವವರೂ ಬೋಧಿಸುವವರೂ ‘ಆಕರಕೋಶ’ವನ್ನೇ ಹಿಡಿಯುವುದು ಉಚಿತ.

ಕೆಲವು ಶಬ್ದಗಳನ್ನು ಭಾಷಾಂತರಿಸದೆ ಬಿಡುವುದೇ ವಿವೇಕ. ೧೮೯೮ರಲ್ಲಿ ಬೆಂಡಾ ಎಂಬ ಜರ್ಮನ್ ವಿಜ್ಞಾನಿ ಕೋಶದೊಳಗಿನ ಒಂದು ಬಗೆಯ ಕಿರುರಚನೆಗಳಿಗೆ, ಅವು ದಾರದಂತೆಯೂ ಕಾಳಿನಂತೆಯೂ ಕಂಡುದರಿಂದ, ಆ ಎರಡು ಅರ್ಥದ ಗ್ರೀಕ್ ಮಾತುಗಳನ್ನು ಕೂಡಿಸಿ ‘ಮೈಟೋಕಾಂಡ್ರಿಯ’ವೆಂದು ಹೆಸರಿಟ್ಟನು. ಅವು ಆಹಾರದ ಶಕ್ತಿಯನ್ನು ಕೋಶದ ಬಳಕೆಗೆ ತಕ್ಕ ರೂಪಕ್ಕೆ ತರುತ್ತವೆಂಬುದು ದೃಢಪಟ್ಟದ್ದು ಸುಮಾರು ಐವತ್ತು ವರ್ಷಗಳ ಅನಂತರ. ‘ತಂತುಕಣ’ವೆಂದು ಅನುವಾದಿಸಿದರೆ ಬೆಂಡಾ ಕಂಡ ಆಕಾರ ಮಾತ್ರ ಉಳಿದು ಕಾರ್ಯ ಮರೆಯಾಗುತ್ತದೆ. ಮೂಲದ ಹೆಸರು ಬಹುವಚನ. ಅದರ ಮೇಲೆ ನಾವು ‘ಮೈಟೋಕಾಂಡ್ರಿಯಗಳು’ ಎಂದು ಮತ್ತೊಂದು ಬಹುವಚನವನ್ನು ಹಚ್ಚುತ್ತೇವೆಂದು ಆಕ್ಷೇಪಿಸುವವರಿದ್ದಾರೆ. ಈ ಆಕ್ಷೇಪ ನಿಲ್ಲದು. ಅನ್ಯದೇಶ್ಯ ಶಬ್ದವನ್ನು ಕನ್ನಡ ತೆಗೆದುಕೊಳ್ಳುವಾಗ ಅದರ ಮೂಲದ ವಚನ, ವಿಭಕ್ತಿಗಳನ್ನು ಕೇಳುವುದಿಲ್ಲ. ದೊರೆತ ರೂಪವನ್ನು ಪ್ರಕೃತಿಯಾಗಿ ಇಟ್ಟುಕೊಂಡು ತನ್ನ ಪ್ರತ್ಯಯವನ್ನು ಹಚ್ಚುತ್ತದೆ. ‘ಬ್ಯಾಕ್ಟೀರಿಯಗಳು’ ಎಂಬಲ್ಲಿ ಯಾರೂ ಆಕ್ಷೇಪಿಸಿದ್ದಿಲ್ಲ.